ಐದು ಕಾರು ಪಾಸು, ಐದಕ್ಕೂ ಸೊನ್ನೆ

2014ರ ಜನವರಿ 31ರಂದು ಗ್ಲೋಬಲ್ ಎನ್‌ಕ್ಯಾಪ್ ಎಂಬ, ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳ ಕ್ರ್ಯಾಶ್ ಟೆಸ್ಟ್ ಫಲಿತಾಂಶ ಹೊರಗೆ ಹಾಕಿತು. ಮಾರುತಿ ಸುಜುಕಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಆಗ ದೇಶದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಈ ಐದು ಮಾಡೆಲ್‌ಗಳದ್ದೇ. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್. ದೊಡ್ಡವರ ರಕ್ಷಣೆಯ ಲೆಕ್ಕದಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್.

ಇನ್ನೊಂದು ಮಾತು. ಐದೂ ಕಾರು ಭಾರತದ ಕಾನೂನಿಗೆ ತಕ್ಕ ಹಾಗೇ ಇದ್ದವು.

ಟಿವಿಯಲ್ಲಿ ಈ ಸುದ್ದಿ ಬಂದಾಗ ನಮ್ಮ ಮನೆಯಲ್ಲಿದ್ದದ್ದು ಈ ಐದರಲ್ಲಿ ಒಂದಲ್ಲ, ಬೇರೆ ಕಾರು. ಆದರೂ ಅಪ್ಪ ಎದ್ದು ಹೊರಗೆ ಹೋಗಿ ಅದರ ಬಾನೆಟ್ ಮೇಲೆ ಎರಡು ಸಲ ತಟ್ಟಿ ನೋಡಿ ಬಂದರು. ತಟ್ಟಿದರೆ ಏನು ಗೊತ್ತಾಗುತ್ತದೆ? ತೆಂಗಿನಕಾಯಿ ಆದರೆ ಗೊತ್ತಾಗುತ್ತದೆ. ಕಾರು ಗೊತ್ತಾಗುವುದಿಲ್ಲ. ಕಾನೂನು ಕೇಳುವುದಕ್ಕಿಂತ ಜಾಸ್ತಿ ಪರೀಕ್ಷೆ ಬೇಕಾ ಅನ್ನೋ ಪ್ರಶ್ನೆ ನನ್ನ ಮಟ್ಟಿಗೆ ಶುರುವಾದದ್ದು ಅಲ್ಲಿಂದ.

ಆಗ ಕಾನೂನು ಕೇಳುತ್ತಿದ್ದದ್ದು ಏನು

ಕಾರು ಮಾರಾಟಕ್ಕೆ ಬರುವ ಮೊದಲು ಸರ್ಕಾರದ ಒಪ್ಪಿಗೆ ಬೇಕು. ಪುಣೆಯ ಎಆರ್‌ಎಐ ಥರದ ಸಂಸ್ಥೆಗಳು ಬ್ರೇಕ್, ಲೈಟು, ಹೊಗೆ, ಸೀಟ್ ಬೆಲ್ಟ್ ಎಲ್ಲ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತವೆ. 2014ರಲ್ಲಿ ಆ ಪಟ್ಟಿಯಲ್ಲಿ ಒಂದು ಪರೀಕ್ಷೆ ಇರಲಿಲ್ಲ. ಒಳಗೆ ಗೊಂಬೆ ಕೂರಿಸಿ, ಕಾರಿನ ಮುಂಭಾಗದ ಒಂದು ಮಗ್ಗುಲನ್ನು ತಡೆಗೋಡೆಗೆ ಗುದ್ದಿಸಿ, ಗೊಂಬೆಯ ತಲೆ, ಕುತ್ತಿಗೆ, ಎದೆ, ಕಾಲಿಗೆ ಎಷ್ಟು ಪೆಟ್ಟು ಬಿತ್ತು ಎಂದು ಅಳೆಯುವ ಪರೀಕ್ಷೆ. ಏರ್‌ಬ್ಯಾಗ್ ಕಡ್ಡಾಯವಿರಲಿಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಕಡ್ಡಾಯವಿರಲಿಲ್ಲ.

ಯುರೋಪಿನಲ್ಲಿ ಹೊಸ ಮಾಡೆಲ್‌ಗಳಿಗೆ ಈ ಪರೀಕ್ಷೆ 1998ರಲ್ಲೇ ಕಡ್ಡಾಯವಾಗಿತ್ತು. ವೇಗ ಗಂಟೆಗೆ 56 ಕಿಲೋಮೀಟರ್. ವಿಶ್ವಸಂಸ್ಥೆಯ ನಿಯಮವೂ ಅದೇ.

ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಕಾರುಗಳನ್ನು ಜರ್ಮನಿಗೆ ಒಯ್ದು 64ರಲ್ಲಿ ಗುದ್ದಿಸಿತು. ಮುಂಭಾಗದ 40 ಶೇಕಡಾ ಅಗಲ ಮಾತ್ರ ಗೋಡೆಗೆ ತಗಲುವಂತೆ, ಅದೂ ಡ್ರೈವರ್ ಕಡೆಯಿಂದ. ಪೂರ್ತಿ ಎದುರಿಗೆ ಯಾಕಲ್ಲ ಅಂದರೆ, ಎದುರಿಂದ ಲಾರಿ ಬಂದಾಗ ಯಾರೂ ನೆಟ್ಟಗೆ ಹೋಗಿ ಗುದ್ದುವುದಿಲ್ಲ. ಕೊನೇ ಗಳಿಗೆಯಲ್ಲಿ ಸ್ಟೀರಿಂಗ್ ಎಳೆಯುತ್ತಾರೆ, ಅರ್ಧ ಮೂತಿ ತಗಲುತ್ತದೆ. ಗೋಡೆಯೂ ಕಾಂಕ್ರೀಟ್ ಅಲ್ಲ. ಜೇನುಗೂಡಿನ ಥರ ನೇಯ್ದ ಅಲ್ಯೂಮಿನಿಯಂ ಮುಖ ಅದಕ್ಕೆ. ಎದುರಿನ ಕಾರು ಸ್ವಲ್ಪ ನಜ್ಜುಗುಜ್ಜಾಗುವ ಹಾಗೆ ಅದೂ ಆಗುತ್ತದೆ. ಮುಂದಿನ ಸೀಟಿನಲ್ಲಿ ಎರಡು ದೊಡ್ಡ ಗೊಂಬೆ, ಹಿಂದೆ ಒಂದೂವರೆ ವರ್ಷದ ಮಗುವಿನ ಗಾತ್ರದ್ದೊಂದು, ಮೂರು ವರ್ಷದ್ದೊಂದು.

56ಕ್ಕೂ 64ಕ್ಕೂ ಎಂಟೇ ಕಿಲೋಮೀಟರ್ ವ್ಯತ್ಯಾಸ, ಇಷ್ಟಕ್ಕೇ ಗಲಾಟೆಯಾ ಅನಿಸಬಹುದು. ಆದರೆ ಗುದ್ದಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 64ನ್ನು 64ರಿಂದ ಗುಣಿಸಿದರೆ 4,096. 56ನ್ನು 56ರಿಂದ ಗುಣಿಸಿದರೆ 3,136. ಅಂದರೆ 30 ಶೇಕಡಾ ಜಾಸ್ತಿ. ಮಹಡಿಯಿಂದ ಬೀಳುವ ಲೆಕ್ಕ ಹಾಕಿದರೆ 56 ಅಂದರೆ ಸುಮಾರು 12 ಮೀಟರ್ ಎತ್ತರದಿಂದ ಬಿದ್ದಂತೆ, 64 ಅಂದರೆ 16 ಮೀಟರಿನಿಂದ. ನಾಲ್ಕನೇ ಮಹಡಿಯ ಬದಲು ಐದನೇ ಮಹಡಿ ದಾಟಿ ಬಿದ್ದ ಹಾಗೆ.

ಸೊನ್ನೆಯೊಳಗೆ ಎರಡು ಥರದ ಸೊನ್ನೆ

ಪೇಪರುಗಳು 'ಎಲ್ಲ ಫೇಲ್' ಎಂದು ಬರೆದು ಮುಗಿಸಿದವು. ನನಗೆ ಮುಖ್ಯ ಅನಿಸಿದ್ದು ವರದಿಯ ಇನ್ನೊಂದು ಸಾಲು. ಆಲ್ಟೊ, ನ್ಯಾನೊ, ಐ10 ಮೂರರಲ್ಲೂ ಜನ ಕೂರುವ ಕಾರಿನ ಗೂಡೇ ಕುಸಿದಿತ್ತು, ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಆ ಗೂಡಿಗೆ ಏರ್‌ಬ್ಯಾಗ್ ಹಾಕಿದರೂ ದೊಡ್ಡ ಪ್ರಯೋಜನವಿಲ್ಲ ಎಂದು ಪರೀಕ್ಷಕರು ಹೇಳಿದರು. ಫಿಗೊ ಮತ್ತು ಪೋಲೊಗಳ ಗೂಡು ಗಟ್ಟಿಯಾಗಿ ನಿಂತಿತ್ತು. ಒಳಗಿದ್ದವರನ್ನು ತಡೆದು ಹಿಡಿಯುವ ಸಾಧನ ಇಲ್ಲದ್ದಕ್ಕೆ ಮಾತ್ರ ಅವು ಸೊನ್ನೆ ತೆಗೆದವು.

ಇದು ಸಣ್ಣ ವ್ಯತ್ಯಾಸ ಅಲ್ಲ. ಒಂದಕ್ಕೆ ಏರ್‌ಬ್ಯಾಗ್ ಹಾಕಿದರೆ ಸಾಕು. ಇನ್ನೊಂದಕ್ಕೆ ಡ್ರಾಯಿಂಗ್ ಬೋರ್ಡಿನಿಂದ ಶುರು ಮಾಡಬೇಕು. ಇವೆರಡರ ಕೈಯಲ್ಲೂ ಇದ್ದದ್ದು ಒಂದೇ ಸರ್ಟಿಫಿಕೇಟ್. ಎಸ್ಸೆಸ್ಸೆಲ್ಸಿಯಲ್ಲಿ 35 ತೆಗೆದವನೂ ಪಾಸು, 95 ತೆಗೆದವಳೂ ಪಾಸು. ಆದರೆ ಅಲ್ಲಿ ಕೈಗೆ ಮಾರ್ಕ್ಸ್ ಕಾರ್ಡಾದರೂ ಕೊಡುತ್ತಾರೆ ಅಲ್ವಾ? ಕಾರು ಕೊಳ್ಳುವವನಿಗೆ ಅದೂ ಸಿಗುತ್ತಿರಲಿಲ್ಲ. ಶೋರೂಮಿನಲ್ಲಿ ಬಣ್ಣ ಕೇಳಬಹುದಿತ್ತು, 'ಎಷ್ಟು ಕೊಡುತ್ತೆ' ಎಂದು ಮೈಲೇಜ್ ಕೇಳಬಹುದಿತ್ತು. ಗೂಡು ನಿಲ್ಲುತ್ತದೆಯೋ ಕುಸಿಯುತ್ತದೆಯೋ ಎಂದು ಕೇಳಿದರೆ ಉತ್ತರ ಹೇಳುವವರೇ ಇರಲಿಲ್ಲ. ಸೇಲ್ಸ್ ಹುಡುಗನಿಗೇ ಗೊತ್ತಿರಲಿಲ್ಲ, ಪಾಪ.

ಕಾನೂನಿನ ಕನಿಷ್ಠ ಮಟ್ಟ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನಿಷ್ಠಕ್ಕಿಂತ ಕೆಳಗಿನದನ್ನು ಮಾರಬಾರದು, ಅದು ಇರಲೇಬೇಕು. ತೊಂದರೆ ಎಲ್ಲಿ ಅಂದರೆ, ಕನಿಷ್ಠದ ಮೇಲೆ ನಿಂತವರೆಲ್ಲ ಅದರಿಂದ ಒಂದೇ ಥರ ಕಾಣುತ್ತಾರೆ. ಕಷ್ಟಪಟ್ಟು ಗಟ್ಟಿ ಗೂಡು ಮಾಡಿದ ಎಂಜಿನಿಯರನಿಗೆ ಅದರಿಂದ ಒಂದು ರೂಪಾಯಿ ಲಾಭವಿಲ್ಲ.

ಪೋಲೊ ಮಾಡಿದ್ದು

ಫೋಕ್ಸ್‌ವ್ಯಾಗನ್ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರಾಟವನ್ನೇ ನಿಲ್ಲಿಸಿತು. ಎಲ್ಲ ವೇರಿಯಂಟಿಗೂ ಎರಡು ಏರ್‌ಬ್ಯಾಗ್. ಅದೇ ಕಾರನ್ನು ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದಾಗ 4 ಸ್ಟಾರ್ ಬಂತು. ಸೊನ್ನೆಯಿಂದ ನಾಲ್ಕಕ್ಕೆ. ಕಾನೂನು ಒತ್ತಾಯ ಮಾಡಿರಲಿಲ್ಲ.

ಇದಕ್ಕೆ ಮಾರುಕಟ್ಟೆ ಬಹುಮಾನ ಕೊಟ್ಟಿತಾ? ಇಲ್ಲ. ಆಲ್ಟೊ ಆ ವರ್ಷವೂ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು, ಮುಂದಿನ ಕೆಲವು ವರ್ಷವೂ ಅದೇ. ಪೋಲೊ ಅದರ ಹತ್ತಿರಕ್ಕೂ ಬರಲಿಲ್ಲ. ಬೆಲೆ, ಸರ್ವೀಸ್, ಮರುಮಾರಾಟ ಎಲ್ಲ ಸೇರಿ ಜನ ಲೆಕ್ಕ ಹಾಕುತ್ತಾರೆ, ಸ್ಟಾರ್ ಆ ಲೆಕ್ಕದಲ್ಲಿ ಇನ್ನೂ ಸೇರಿರಲಿಲ್ಲ. ಒಬ್ಬನೇ ಜಾಸ್ತಿ ಖರ್ಚು ಮಾಡಿ ಸುರಕ್ಷಿತ ಕಾರು ಮಾಡಿದರೆ ಪಕ್ಕದವನು ಕಡಿಮೆ ಬೆಲೆಗೆ ಮಾರಿ ಗೆಲ್ಲುತ್ತಾನೆ. ಈ ಭಯ ಸುಳ್ಳಲ್ಲ.

2014ರ ನವೆಂಬರಿನಲ್ಲಿ ಮಾರುತಿ ಸ್ವಿಫ್ಟ್ ಮತ್ತು ನಿಸಾನ್ ಕಂಪನಿಯ ಡಟ್ಸನ್ ಗೋಗೂ ಸೊನ್ನೆ ಬಂತು. ಗೋ ಮಾರಾಟ ನಿಲ್ಲಿಸಿ ಎಂದು ಗ್ಲೋಬಲ್ ಎನ್‌ಕ್ಯಾಪ್ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ನೇರವಾಗಿ ನಿಸಾನ್ ಮುಖ್ಯಸ್ಥ ಕಾರ್ಲೋಸ್ ಘೋನ್‌ಗೆ ಪತ್ರ ಬರೆದರು.

ಎದುರು ವಾದ, ಅದರಲ್ಲಿರುವ ನಿಜ

ಕಾರು ಉದ್ಯಮದ ಉತ್ತರ ಹೀಗಿತ್ತು. ನಾವು ದೇಶದ ಎಲ್ಲ ನಿಯಮ ಪಾಲಿಸಿದ್ದೇವೆ. 64 ಅನ್ನೋದು ವಿಶ್ವಸಂಸ್ಥೆಯ ನಿಯಮದಲ್ಲೇ ಇಲ್ಲದ ವೇಗ. ನಮ್ಮ ರಸ್ತೆಗಳಲ್ಲಿ ಸರಾಸರಿ ವೇಗವೇ ಕಡಿಮೆ. ಕೊನೆಗೆ ಬೆಲೆ: ಕಾರು ತುಟ್ಟಿಯಾದರೆ ಜನ ಬೈಕಿನಲ್ಲೇ ಉಳಿಯುತ್ತಾರೆ.

ಈ ಕೊನೆಯದನ್ನು ತಳ್ಳಿಹಾಕುವುದು ಸುಲಭವಲ್ಲ. ನ್ಯಾನೊ ಹುಟ್ಟಿದ್ದೇ ಆ ಯೋಚನೆಯಿಂದ. ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ಹೋಗುವುದನ್ನು ನೋಡಿ ಇವರಿಗೊಂದು ಕಾರು ಬೇಕು ಅನಿಸಿತು ಎಂದು ರತನ್ ಟಾಟಾ ಹೇಳುತ್ತಿದ್ದರು. ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 44.5 ಶೇಕಡಾ ದ್ವಿಚಕ್ರದವರು. ಸೊನ್ನೆ ಸ್ಟಾರ್ ಕಾರಿನಲ್ಲಾದರೂ ನಾಲ್ಕು ಕಡೆ ತಗಡಿದೆ, ಸ್ಕೂಟರಿನಲ್ಲಿ ಅದೂ ಇಲ್ಲ. ಮಾರುತಿ ಅಧ್ಯಕ್ಷ ಆರ್.ಸಿ. ಭಾರ್ಗವ ಅವರು 2022ರಲ್ಲಿ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪ ಬಂದಾಗ ಇದೇ ವಾದ ಮುಂದಿಟ್ಟರು: ಸಣ್ಣ ಕಾರು ಕೊಳ್ಳುವವರಿಗೆ ಹೊರೆ ಬೀಳುತ್ತದೆ. ಆ ಪ್ರಸ್ತಾಪ ಮೊದಲು ಒಂದು ವರ್ಷ ಮುಂದಕ್ಕೆ ಹೋಯಿತು, ಆಮೇಲೆ ಕಡ್ಡಾಯ ಮಾಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ ಹೇಳಿದರು.

ಹಾಗಾದರೆ ನಾನು ಯಾಕೆ ಉದ್ಯಮದ ಪರ ನಿಲ್ಲುವುದಿಲ್ಲ? ಐ10 ಕಾರಣಕ್ಕೆ. ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ ತಯಾರಾಗುತ್ತಿದ್ದ ಐ10 ಯುರೋಪಿಗೂ ಹಡಗಿನಲ್ಲಿ ಹೋಗುತ್ತಿತ್ತು. ಯುರೋಪಿನ ಇಂಥದೇ ಸಂಸ್ಥೆ ಯುರೋ ಎನ್‌ಕ್ಯಾಪ್ 2008ರಲ್ಲಿ ಅದನ್ನು ಪರೀಕ್ಷೆ ಮಾಡಿದಾಗ ದೊಡ್ಡವರ ರಕ್ಷಣೆಗೆ 4 ಸ್ಟಾರ್ ಸಿಕ್ಕಿತ್ತು. ಅಂದರೆ ಮಾಡಲು ಬರುತ್ತಿರಲಿಲ್ಲ ಎಂದಲ್ಲ. ಕೇಳುವವರು ಇದ್ದ ಕಡೆ ಮಾಡಿದರು, ಕೇಳದ ಕಡೆ ಬಿಟ್ಟರು. ಬೆಲೆಯ ವಾದವನ್ನು ಕೊಳ್ಳುವವನ ಮುಂದೆ ಬಿಚ್ಚಿಟ್ಟು, 'ಇಷ್ಟು ಕೊಟ್ಟರೆ ಇಷ್ಟು ರಕ್ಷಣೆ, ಕಡಿಮೆ ಕೊಟ್ಟರೆ ಕಡಿಮೆ' ಎಂದು ಹೇಳಿದ್ದರೆ ಅದು ವ್ಯಾಪಾರ. ಹೇಳದೇ ಇದ್ದದ್ದು ಬೇರೆಯೇ ವಿಷಯ.

ಸರಾಸರಿ ವೇಗದ ವಾದವಂತೂ ಬಾಲಿಶ. ಯಾರೂ ಸರಾಸರಿಯಲ್ಲಿ ಗುದ್ದುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಗಂಟೆ ತೆವಳಿದ ಕಾರೇ ಆಮೇಲೆ ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿ ನೂರರಲ್ಲಿ ಹೋಗುತ್ತದೆ. 2023ರ ಮಾರ್ಚಿನಲ್ಲಿ ಆ ರಸ್ತೆ ಉದ್ಘಾಟನೆಯಾದ ಮೇಲೆ ಎಷ್ಟು ಅಪಘಾತ ಆದವು ಎಂದರೆ, ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಮುಖ್ಯ ರಸ್ತೆಗೆ ಬಿಡುವುದನ್ನೇ ನಿಲ್ಲಿಸಬೇಕಾಯಿತು. ಅಲ್ಲಿ ಕಾರುಗಳ ವೇಗಮಿತಿ 100.

ಇಂಥ ಗಲಾಟೆ ನಮ್ಮಲ್ಲೇ ಮೊದಲಲ್ಲ. 1997ರಲ್ಲಿ ಯುರೋ ಎನ್‌ಕ್ಯಾಪ್ ಶುರುವಾದಾಗ ರೋವರ್ 100 ಒಂದೇ ಸ್ಟಾರ್ ತೆಗೆಯಿತು. ಈ ಪರೀಕ್ಷೆ ಎಷ್ಟು ಕಠಿಣ ಎಂದರೆ ಯಾವ ಕಾರಿಗೂ ನಾಲ್ಕು ಸ್ಟಾರ್ ಬರಲು ಸಾಧ್ಯವೇ ಇಲ್ಲ ಎಂದು ಅಲ್ಲಿನ ಕಂಪನಿಗಳು ಕೂಗಾಡಿದವು. ಕೆಲವೇ ತಿಂಗಳಲ್ಲಿ ವೋಲ್ವೊ ಎಸ್40 ನಾಲ್ಕು ತೆಗೆದುಕೊಂಡು ಹೋಯಿತು.

ನ್ಯಾನೊ ಮಾಡಿದವರೇ ನೆಕ್ಸಾನ್ ಮಾಡಿದ್ದು

ಈ ಪ್ರಕರಣ ತಿರುಗಿದ್ದು ಕಾನೂನಿನಿಂದಲ್ಲ, ಜಾಹೀರಾತಿನಿಂದ ಎನ್ನಬಹುದು. 2016ರಲ್ಲಿ ಟಾಟಾ ಜೆಸ್ಟ್ ಕೂಡ ಏರ್‌ಬ್ಯಾಗ್ ಇಲ್ಲದೆ ಸೊನ್ನೆ ತೆಗೆದಿತ್ತು. ಕಂಪನಿ ಅದನ್ನು ತಿದ್ದಿ, ಎರಡು ಏರ್‌ಬ್ಯಾಗ್ ಸೇರಿಸಿ ಮತ್ತೆ ಕಳಿಸಿತು, 4 ಬಂತು. 2018ರ ಆಗಸ್ಟಿನಲ್ಲಿ ನೆಕ್ಸಾನ್‌ಗೆ 4 ಸ್ಟಾರ್. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಇನ್ನಷ್ಟು ಬದಲಾವಣೆ ಮಾಡಿ ಮತ್ತೆ ಗುದ್ದಿಸಿದರು. ಡಿಸೆಂಬರಿನಲ್ಲಿ 5 ಸ್ಟಾರ್. ಭಾರತದಲ್ಲಿ ತಯಾರಾಗಿ ಭಾರತದಲ್ಲೇ ಮಾರುವ ಕಾರೊಂದಕ್ಕೆ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಬಂದದ್ದು ಅದೇ ಮೊದಲು.

ಆಮೇಲೆ ಟಾಟಾದವರು ಅದನ್ನೇ ಎಲ್ಲ ಕಡೆ ಸಾರಿದರು. 2020ರ ಜನವರಿಯಲ್ಲಿ ಆಲ್ಟ್ರೋಜ್ ಐದು, ಮಹೀಂದ್ರ ಎಕ್ಸ್‌ಯುವಿ300 ಐದು. ಕಾರಿನ ಬಗ್ಗೆ ಮಾತಾಡುವಾಗ 'ಅದು ಎಷ್ಟು ಸ್ಟಾರ್' ಅನ್ನೋ ಪ್ರಶ್ನೆ ಮದುವೆ ಮನೆಗಳಲ್ಲೂ ಕೇಳಿಬರಲು ಶುರುವಾಯಿತು. ಪೋಲೊಗೆ 2014ರಲ್ಲಿ ಸಿಗದ ಬಹುಮಾನ ನೆಕ್ಸಾನ್‌ಗೆ ಸಿಕ್ಕಿತು. ನಡುವೆ ಆದದ್ದು ಇಷ್ಟೇ: ಮಾರ್ಕ್ಸ್ ಕಾರ್ಡು ಜನರ ಕೈಗೆ ಬಂತು.

ಕಾನೂನು ನಿಧಾನವಾಗಿ ಹಿಂದೆಯೇ ಬಂತು. ಹೊಸ ಮಾಡೆಲ್‌ಗಳಿಗೆ 56ರ ಕ್ರ್ಯಾಶ್ ಟೆಸ್ಟ್ 2017ರ ಅಕ್ಟೋಬರಿನಿಂದ, ಎಲ್ಲ ಕಾರುಗಳಿಗೂ 2019ರ ಅಕ್ಟೋಬರಿನಿಂದ. ಡ್ರೈವರ್ ಏರ್‌ಬ್ಯಾಗ್ 2019ರ ಜುಲೈ. ಪಕ್ಕದ ಸೀಟಿಗೂ ಏರ್‌ಬ್ಯಾಗ್ 2021ರಲ್ಲಿ. ಅಷ್ಟರಲ್ಲಿ ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ತನ್ನ ಪರೀಕ್ಷೆಯನ್ನು ಇನ್ನೂ ಬಿಗಿ ಮಾಡಿತು. ಪಕ್ಕದಿಂದ ಗುದ್ದುವ ಪರೀಕ್ಷೆ, ಕಾರು ಜಾರದಂತೆ ತಡೆಯುವ ಇಎಸ್‌ಸಿ, ಪಾದಚಾರಿಗಳ ರಕ್ಷಣೆ ಎಲ್ಲ ಸೇರಿತು. ಆ ಡಿಸೆಂಬರಿನಲ್ಲಿ ಸ್ವಿಫ್ಟ್, ಇಗ್ನಿಸ್, ಎಸ್-ಪ್ರೆಸ್ಸೊ ಮೂರಕ್ಕೂ ಒಂದೊಂದೇ ಸ್ಟಾರ್. ಮೂರರಲ್ಲೂ ಎರಡೆರಡು ಏರ್‌ಬ್ಯಾಗ್ ಇದ್ದವು, ಮೂರೂ ಕಾನೂನು ಪ್ರಕಾರ ಸರಿಯಾಗಿದ್ದವು. 2014ರ ಕಥೆಯೇ ಮತ್ತೆ, ಒಂದು ಮೆಟ್ಟಿಲು ಮೇಲೆ.

ಪರೀಕ್ಷೆಗಾಗಿ ಓದುವವರು

ಇಲ್ಲಿಗೆ ನಿಲ್ಲಿಸಿದರೆ ಎನ್‌ಕ್ಯಾಪ್ ಜಾಹೀರಾತು ಬರೆದ ಹಾಗಾಗುತ್ತದೆ. ಮೇಲಿನ ಪರೀಕ್ಷೆಗೂ ತನ್ನದೇ ರೋಗವಿದೆ.

ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಎಂಬ ಸಂಸ್ಥೆ ಇದೆ. 2012ರಲ್ಲಿ ಅದು ಕಾರಿನ ಮೂಲೆ ಮಾತ್ರ ತಗಲುವ ಇನ್ನೊಂದು ಕಠಿಣ ಪರೀಕ್ಷೆ ತಂದಿತು. ಅದೂ ಕಾನೂನು ಕೇಳದ ಪರೀಕ್ಷೆಯೇ. ಡ್ರೈವರ್ ಕಡೆ ಮಾತ್ರ ಗುದ್ದಿಸುತ್ತಿದ್ದರು. ಕಂಪನಿಗಳು ಬೇಗ ಬೇಗ ಕಾರು ಸರಿಮಾಡಿ ಒಳ್ಳೆಯ ರೇಟಿಂಗ್ ತೆಗೆದವು. 2016ರಲ್ಲಿ ಐಐಎಚ್‌ಎಸ್‌ನವರಿಗೆ ಒಂದು ಅನುಮಾನ ಬಂತು. ಹಾಗೆ ಒಳ್ಳೆಯ ರೇಟಿಂಗ್ ತೆಗೆದಿದ್ದ ಏಳು ಸಣ್ಣ ಎಸ್‌ಯುವಿಗಳನ್ನು ಎತ್ತಿಕೊಂಡು, ಹೇಳದೇ ಕೇಳದೇ ಪಕ್ಕದ ಸೀಟಿನ ಕಡೆಯಿಂದ ಗುದ್ದಿಸಿದರು. ಅದೇ ಮಟ್ಟದ ರಕ್ಷಣೆ ಕೊಟ್ಟದ್ದು ಏಳರಲ್ಲಿ ಒಂದೇ, ಹ್ಯುಂಡೈ ಟೂಸಾನ್. ಕೆಲವರು ಪರೀಕ್ಷೆ ಆಗುವ ಕಡೆ ಮಾತ್ರ ಕಬ್ಬಿಣ ಸೇರಿಸಿದ್ದರು. ಹೆಂಡತಿ ಕೂರುವ ಕಡೆ ಹಳೆಯದೇ. (ಗಂಡ ಕೂರುವ ಕಡೆ ಅಂತಲೂ ಓದಿಕೊಳ್ಳಿ, ನಮ್ಮ ಮನೆಯಲ್ಲಿ ಗಾಡಿ ಓಡಿಸುವುದು ಅಕ್ಕ.)

ಹೀಗಾಗಿ ಪ್ರಶ್ನೆ 'ಕಾನೂನಿಗಿಂತ ಜಾಸ್ತಿ ಪರೀಕ್ಷೆ ಮಾಡಬೇಕಾ' ಎಂಬಲ್ಲಿಗೆ ಮುಗಿಯುವುದಿಲ್ಲ. ಯಾರು ಮಾಡುತ್ತಾರೆ, ಕಾರು ಎಲ್ಲಿಂದ ತರುತ್ತಾರೆ, ಯಾವ ವೇರಿಯಂಟ್ ಗುದ್ದಿಸುತ್ತಾರೆ, ಫಲಿತಾಂಶ ಕೆಟ್ಟದಾದರೆ ಹೊರಗೆ ಹಾಕುತ್ತಾರಾ? ಕಂಪನಿ ಒಳಗೊಳಗೇ ಹತ್ತು ಪರೀಕ್ಷೆ ಮಾಡಿ ಫೈಲಿನಲ್ಲಿಟ್ಟರೆ ಕೊಳ್ಳುವವನಿಗೆ ಅದು ಇದ್ದೂ ಇಲ್ಲದ ಹಾಗೆ. ಗ್ಲೋಬಲ್ ಎನ್‌ಕ್ಯಾಪ್ 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್ ಆರಿಸಿದ್ದಕ್ಕೆ ಬೈದವರಿದ್ದಾರೆ. ನನಗೆ ಅದೇ ಸರಿ ಅನಿಸುತ್ತದೆ. ಟಾಪ್ ಎಂಡ್ ಗುದ್ದಿಸಿ ಬಂದ ಸ್ಟಾರನ್ನು ಬೇಸ್ ಮಾಡೆಲ್ ಪೋಸ್ಟರಿಗೆ ಅಂಟಿಸುವುದಕ್ಕಿಂತ ದೊಡ್ಡ ಮೋಸ ಇಲ್ಲ.

ಸ್ಟಾರ್ ಎಲ್ಲವನ್ನೂ ಹೇಳುವುದೂ ಇಲ್ಲ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ತೀರಿಕೊಂಡರು. ಅವರಿದ್ದದ್ದು ದುಬಾರಿ, ಒಳ್ಳೆಯ ರೇಟಿಂಗಿನ ಕಾರು. ಹಿಂದಿನ ಸೀಟಿನಲ್ಲಿದ್ದವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಲ್ಯಾಬಿನ ಗೊಂಬೆಗಳು ಮಾತ್ರ ಯಾವತ್ತೂ ಬೆಲ್ಟ್ ಮರೆಯುವುದಿಲ್ಲ.

ಈಗ ಎಲ್ಲಿದೆ

2023ರ ಆಗಸ್ಟ್ 22ರಂದು ನಮ್ಮ ಸರ್ಕಾರದ್ದೇ ಸ್ಟಾರ್ ಪರೀಕ್ಷೆ, ಭಾರತ್ ಎನ್‌ಕ್ಯಾಪ್, ಘೋಷಣೆಯಾಯಿತು, ಅಕ್ಟೋಬರ್ 1ರಿಂದ ಜಾರಿ. ವೇಗ 64. ಹೊರದೇಶದಲ್ಲಿ ಪರೀಕ್ಷೆ ಮಾಡಿಸಲು ಸುಮಾರು ಎರಡೂವರೆ ಕೋಟಿ ಬೇಕು, ಇಲ್ಲಿ 60 ಲಕ್ಷ ಸಾಕು ಎಂದು ಗಡ್ಕರಿ ಹೇಳಿದರು. ಡಿಸೆಂಬರಿನಲ್ಲಿ ಮೊದಲ ಫಲಿತಾಂಶ ಬಂತು: ಟಾಟಾ ಹ್ಯಾರಿಯರ್, ಸಫಾರಿ, ಎರಡಕ್ಕೂ ಐದು. ಹತ್ತು ವರ್ಷದ ಹಿಂದೆ ಉದ್ಯಮ ಒಪ್ಪದ ವೇಗ ಈಗ ನಮ್ಮದೇ ಸರ್ಕಾರದ ಕಾರ್ಯಕ್ರಮದ ವೇಗ.

ಆದರೆ ಇದು ಕಡ್ಡಾಯವಲ್ಲ. ಕಂಪನಿ ಬೇಕಾದರೆ ಕಳಿಸಬಹುದು, ಬೇಡವಾದರೆ ಬಿಡಬಹುದು. ನನಗೆ ಇದರಲ್ಲಿ ಅರ್ಧ ಸಮಾಧಾನ. 56ರ ಟೆಸ್ಟ್ ಎಲ್ಲರಿಗೂ ಕಡ್ಡಾಯವಾಗಿ ಇರಲಿ, 64ರದ್ದು ಮಾರ್ಕ್ಸ್ ಕಾರ್ಡಾಗಿ ಇರಲಿ, ಅಲ್ಲಿವರೆಗೆ ಸರಿ. ಎರಡು ಚಕ್ರದ ಗಾಡಿ ಮಾರಿ ನಾಲ್ಕು ಚಕ್ರ ಕೊಳ್ಳುವವನ ಮೇಲೆ ಐದು ಸ್ಟಾರ್ ಹೇರಬೇಕು ಎಂದು ನಾನು ಹೇಳಲಾರೆ. ಆದರೆ ಪರೀಕ್ಷೆಗೆ ಬರೆಯದೇ ಇರುವ ಹಕ್ಕು ಕಂಪನಿಗೆ ಯಾಕೆ? ಕಡಿಮೆ ಬರಲಿ, ಸೊನ್ನೆಯೇ ಬರಲಿ, ಗಾಜಿನ ಮೇಲೆ ಅಂಟಿಸಿ ಮಾರಲಿ. ಸ್ಟಿಕ್ಕರ್ ಇಲ್ಲದ ಕಾರನ್ನು ಇವತ್ತಿಗೂ ನಾವು ಅಪ್ಪನ ಹಾಗೆ ಬಾನೆಟ್ ತಟ್ಟಿಯೇ ನೋಡಬೇಕು.

2024ರ ನವೆಂಬರಿನಲ್ಲಿ ಮಾರುತಿಯ ಹೊಸ ಡಿಸೈರ್‌ಗೆ ಗ್ಲೋಬಲ್ ಎನ್‌ಕ್ಯಾಪ್ 5 ಸ್ಟಾರ್ ಕೊಟ್ಟಿತು. ಮಾರುತಿಯ ಕಾರೊಂದಕ್ಕೆ ಐದು ಬಂದದ್ದು ಅದೇ ಮೊದಲು. ಆ ಸುದ್ದಿ ಬಂದ ವಾರ ಭಾವನ ಜೊತೆ ಒಂದು ಶೋರೂಮಿಗೆ ಹೋಗಿದ್ದೆ. ಈ ಸಲ ಸೇಲ್ಸ್ ಹುಡುಗ ನಾವು ಬಾಯಿ ತೆರೆಯುವ ಮೊದಲೇ ಸ್ಟಾರ್ ಬಗ್ಗೆ ಶುರು ಮಾಡಿದ. ಯಾವ ವೇರಿಯಂಟ್ ಗುದ್ದಿಸಿದ್ದು ಎಂದು ಭಾವ ಕೇಳಿದರು. ಅವನು ಒಂದು ನಿಮಿಷ ಸರ್ ಎಂದು ಒಳಗೆ ಹೋದ.